ಮೈಸೂರು ರಸ್ತೆಯಲ್ಲೊಂದು ಜನಪದ ಲೋಕ

ಬೆಂಗಳೂರಿನ ಪಶ್ಚಿಮದ ಹೆಬ್ಬಾಗಿಲು ಯಾವುದು ಎಂದು ಯಾರಾದರೂ ಕೇಳಿದರೆ ನಾಯಂಡಹಳ್ಳಿಯನ್ನು ತೋರಿಸಬೇಕು. ಮೈಸೂರಿಗೆ ಹೋಗುವ ಹೆದ್ದಾರಿ, ಮೈಸೂರಿಗೆ ಹೋಗುವ ರೈಲುದಾರಿ, ನಗರವನ್ನು ಬಳಸಿ ಬರುವ ಹೊರವರ್ತುಲ ರಸ್ತೆ, ೨೦೨೧ರ ಆಗಸ್ಟಿನಲ್ಲಿ ತಲೆಯ ಮೇಲೆ ಓಡತೊಡಗಿದ ಮೆಟ್ರೋ ಇವೆಲ್ಲವೂ ಇಲ್ಲಿ ಒಂದನ್ನೊಂದು ಸಂಧಿಸುತ್ತವೆ. ಇವುಗಳ ಜೊತೆಗೆ, ಒಂದು ಕಾಲದಲ್ಲಿ ತಿಳಿನೀರಿನ ಹೊಳೆಯಾಗಿದ್ದು ಈಗ ನಗರದ ಕೊಳೆಯನ್ನೆಲ್ಲ ಹೊತ್ತು ಸಾಗುತ್ತಿರುವ ವೃಷಭಾವತಿಯೂ ಇದೇ ದಿಕ್ಕಿಗೆ ಹರಿಯುತ್ತದೆ. ಎಲ್ಲರೂ ನಾಯಂಡಹಳ್ಳಿಯ ಮೂಲಕ ಹಾದುಹೋಗುತ್ತಾರೆ. ನಾಯಂಡಹಳ್ಳಿಗೆಂದೇ ಬರುವವರು ಕಡಮೆ.

ಈ ಹೆಸರಿನ ಕೊನೆಯಲ್ಲಿರುವ ‘ಹಳ್ಳಿ’ ಎಂಬ ಎರಡು ಅಕ್ಷರಗಳನ್ನು ನಾವು ದಿನಕ್ಕೆ ಎಷ್ಟು ಸಲ ಉಚ್ಚರಿಸುತ್ತೇವೋ ಲೆಕ್ಕವಿಲ್ಲ. ಬಸ್ಸಿನ ಹಲಗೆಯಲ್ಲಿ ಅದುಂಟು, ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಉಂಟು, ಅಂಗಡಿಗಳ ವಿಳಾಸದಲ್ಲಿ ಉಂಟು. ಆದರೆ ಆ ಹಳ್ಳಿ ಎಲ್ಲಿ? ಅದರ ಕಣ ಎಲ್ಲಿತ್ತು? ಅದರ ಹೊಲಗಳಲ್ಲಿ ರಾಗಿ ಬಿತ್ತಿದ ಕೂರಿಗೆ ಯಾವ ಹಿತ್ತಿಲಿನಲ್ಲಿ ಮುರಿದು ಒಲೆಗೆ ಸೌದೆಯಾಯಿತು? ಅರಮನೆಯ ಸಿಂಹಾಸನಕ್ಕೆ ಒಂದು ಗಾಜಿನ ಮನೆ ಸಿಕ್ಕುತ್ತದೆ. ಊರು ನಗರವಾಗುವಾಗ ಊರಿನ ಸಾಮಾನುಗಳಿಗೆ ಸಿಕ್ಕುವುದು ಗುಜರಿಯವನ ತಕ್ಕಡಿ.

ಈ ಪ್ರಶ್ನೆಗಳಿಗೆ ಉತ್ತರ ನಾಯಂಡಹಳ್ಳಿಯಲ್ಲಿ ದೊರೆಯುವುದಿಲ್ಲ. ಆದರೆ ಇದೇ ರಸ್ತೆಯಲ್ಲಿ ಐವತ್ತು ಕಿಲೋಮೀಟರಿಗೂ ಕಡಮೆ ದೂರದಲ್ಲಿ, ರಾಮನಗರವನ್ನು ದಾಟಿದೊಡನೆ ಚನ್ನಪಟ್ಟಣದ ದಿಕ್ಕಿನಲ್ಲಿ ದೊರೆಯುತ್ತದೆ. ಆ ಸ್ಥಳದ ಹೆಸರು ಜಾನಪದ ಲೋಕ. ಕಳೆದ ಬೇಸಗೆಯ ಒಂದು ಭಾನುವಾರ ನನ್ನ ತಾಯಿ, ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳೊಡನೆ ಅಲ್ಲಿಗೆ ಹೋಗಿಬಂದೆ. ಅಲ್ಲಿ ಕಂಡುದನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಎರಡು ಬಗೆಯ ಸಂಗ್ರಹಾಲಯಗಳು

ವಸ್ತುಸಂಗ್ರಹಾಲಯವೆಂದೊಡನೆ ನಮ್ಮ ಕಣ್ಣಿಗೆ ಬರುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡ. ೧೮೬೫ರಲ್ಲಿ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯಾಧಿಕಾರಿಯ ಉತ್ಸಾಹದಿಂದ ಹುಟ್ಟಿದ ಈ ಸಂಸ್ಥೆ ೧೮೭೭ರಲ್ಲಿ ಈಗಿನ ಕಟ್ಟಡವನ್ನು ಪಡೆಯಿತು. ಮದರಾಸಿನ ವಸ್ತುಸಂಗ್ರಹಾಲಯವನ್ನು ಆರಂಭಿಸಿದವನೂ ಇದೇ ಬಾಲ್ಫರ್. ಬೆಂಗಳೂರಿನ ಸಂಗ್ರಹದ ಅತ್ಯಮೂಲ್ಯ ವಸ್ತುಗಳಲ್ಲಿ ಒಂದು ನಮ್ಮ ಮೈಸೂರು ರಸ್ತೆಯ ಸೀಮೆಯಿಂದಲೇ ಹೋದದ್ದು ಎಂಬುದು ಎಷ್ಟೋ ಜನರಿಗೆ ತಿಳಿಯದು. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಅದು.

ಕ್ರಿ. ಶ. ೯೪೯-೫೦ರ ಕಾಲದ ಆ ಕಲ್ಲು ಒಂದು ದೊಡ್ಡ ಯುದ್ಧದ ಸುದ್ದಿಯನ್ನು ಹೇಳುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದಾಗ ಗಂಗರ ಬೂತುಗನು ಅವನ ಪಕ್ಷದಲ್ಲಿ ಹೋರಾಡಿದ, ಚೋಳನು ಮಡಿದ. ಬೂತುಗನ ಕಡೆಯ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ‘ಏನು ಬೇಕು, ಕೇಳು’ ಎಂದಾಗ, ಅವನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ಕಾಳಿ ಒಂದು ಮಹಾವರಾಹದೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆ ನಾಯಿಗಾಗಿ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನೆಟ್ಟು, ಎರಡು ಕಂಡುಗ ಭೂಮಿಯನ್ನು ಬಿಟ್ಟುಕೊಟ್ಟರು. ಆ ಭೂಮಿಯನ್ನು ಅನುಭವಿಸುವ ಪೂಜಾರಿ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಪಾಪಕ್ಕೆ ಗುರಿಯಾಗುವನೆಂದು ಎಚ್ಚರಿಕೆಯನ್ನೂ ಕೊರೆಸಿದರು.

ನಾಯಿಗೂ ಒಂದು ಸ್ಮಾರಕವಾಯಿತು! ಕನ್ನಡಿಗರು ಹೆಮ್ಮೆ ಪಡಬೇಕಾದ ಮಾತೇ ಸರಿ. ಆದರೆ ಆ ಎರಡು ಕಂಡುಗ ಭೂಮಿಯನ್ನು ಉತ್ತವರು ಯಾರು? ಅವರ ನೇಗಿಲು ಹೇಗಿತ್ತು? ಆ ‘ಕಂಡುಗ’ವನ್ನು ಅಳೆದ ಕೊಳಗ ಎಷ್ಟು ದೊಡ್ಡದು? ಶಾಸನ ಹೇಳುವುದಿಲ್ಲ, ಹೇಳಬೇಕೆಂದು ಅದನ್ನು ಬರೆಸಿದವರಿಗೆ ತೋರಲೂ ಇಲ್ಲ. ಕಲ್ಲಿನ ಮೇಲೆ ಬರೆಸಿಕೊಳ್ಳಲಾರದವರ ಕಥೆಯನ್ನು ಕಾಪಾಡುವ ಸಂಗ್ರಹಾಲಯ ಬೇರೆಯೇ ಬೇಕಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯ ೧೯೬೮ರಲ್ಲಿ ಮಾನಸಗಂಗೋತ್ರಿಯಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಆರಂಭಿಸಿದಾಗ ಆ ದಿಕ್ಕಿನಲ್ಲಿ ಒಂದು ದೊಡ್ಡ ಹೆಜ್ಜೆ ಬಿದ್ದಿತು. ರಾಮನಗರದ ಜಾನಪದ ಲೋಕ ಅದೇ ಹಾದಿಯ ಇನ್ನೊಂದು ಹೆಜ್ಜೆ.

ಹಳೆಯ ದಾರಿ, ಹೊಸ ದಾರಿ

೨೦೨೩ರ ಮಾರ್ಚಿನಲ್ಲಿ ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಈ ಎಲ್ಲ ಊರುಗಳನ್ನೂ ಬಳಸಿಕೊಂಡು ಅದು ಮೈಸೂರು ಸೇರುತ್ತದೆ. ಕಾಲ ಉಳಿಯಿತು, ನಡುವಣ ಊರುಗಳು ಮಾತ್ರ ಕಣ್ಣಿನಿಂದ ಮರೆಯಾದವು. ತಟ್ಟೆ ಇಡ್ಲಿಗೆ ಬಿಡದಿಯಲ್ಲಿ, ಬಣ್ಣದ ಗೊಂಬೆಗೆ ಚನ್ನಪಟ್ಟಣದಲ್ಲಿ, ವಡೆಗೆ ಮದ್ದೂರಿನಲ್ಲಿ ನಿಲ್ಲುತ್ತಿದ್ದ ಪ್ರಯಾಣದ ಸೊಗಸು ಹೊಸ ದಾರಿಯಲ್ಲಿಲ್ಲ. ಜಾನಪದ ಲೋಕವಿರುವುದು ಹಳೆಯ ದಾರಿಯ ಮಗ್ಗುಲಲ್ಲಿ. ಆದ್ದರಿಂದ ಮೈಸೂರಿಗೆ ವೇಗವಾಗಿ ಹೋಗುವವರಿಗೆ ಇದು ಕಾಣಿಸುವುದಿಲ್ಲ. ಕಾಣಬೇಕೆಂಬವರು ಬೇಕೆಂದೇ ಹಳೆಯ ದಾರಿ ಹಿಡಿಯಬೇಕು.

ಕೆಂಗೇರಿ, ಬಿಡದಿಗಳನ್ನು ದಾಟಿದ ಮೇಲೆ ದಿಗಂತದಲ್ಲಿ ಬೋಳು ಬಂಡೆಗಳ ಬೆಟ್ಟಗಳು ಏಳುತ್ತವೆ. ಒಂದರ ಮೇಲೊಂದು ಇಟ್ಟ ಆನೆಗಳಂತೆ ಕಾಣುವ ಈ ಬಂಡೆಗಳನ್ನು ೧೯೭೫ರಲ್ಲಿ ತೆರೆಕಂಡ ‘ಶೋಲೆ’ ಚಿತ್ರ ದೇಶಕ್ಕೆಲ್ಲ ಪರಿಚಯಿಸಿತು. ಆದರೆ ಭೂವಿಜ್ಞಾನಿಗಳಿಗೆ ಇವು ಅದಕ್ಕೂ ಮುಂಚಿನಿಂದ ಪರಿಚಿತ. ಅವರ ಪರಿಭಾಷೆಯಲ್ಲಿ ಇದು ‘ಕ್ಲೋಸ್‌ಪೇಟೆ ಗ್ರಾನೈಟು’. ರಾಮನಗರವು ಒಂದು ಕಾಲಕ್ಕೆ, ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆ ಎನಿಸಿಕೊಂಡಿತ್ತು. ಊರು ಆ ಹೆಸರನ್ನು ಬಿಟ್ಟಿತು, ಕಲ್ಲು ಬಿಡಲಿಲ್ಲ. ಹೆಸರುಗಳು ಎಲ್ಲೆಲ್ಲಿ ಹೋಗಿ ಅಡಗಿಕೊಳ್ಳುತ್ತವೆಂಬುದಕ್ಕೆ ಇದೊಂದು ಸಣ್ಣ ನಿದರ್ಶನ. ೨೦೦೭ರಲ್ಲಿ ಜಿಲ್ಲಾಕೇಂದ್ರವಾದ ರಾಮನಗರ ಇಂದು ರೇಷ್ಮೆಗೂಡಿನ ಮಾರುಕಟ್ಟೆಗೆ ಪ್ರಸಿದ್ಧವಾದ, ಬೆಂಗಳೂರಿನ ನೆರಳಿನಲ್ಲಿ ಬೆಳೆಯುತ್ತಿರುವ ಸಣ್ಣ ನಗರ.

ಅಧಿಕಾರಿಯೊಬ್ಬರ ಹಂಬಲ

ಜಾನಪದ ಲೋಕವನ್ನು ಕಟ್ಟಿದವರು ಎಚ್. ಎಲ್. ನಾಗೇಗೌಡರು. ೧೯೧೫ರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಅವರು ಸರ್ಕಾರದ ಉನ್ನತ ಹುದ್ದೆಗಳಲ್ಲಿದ್ದವರು; ಆಡಳಿತ ಸೇವೆಯ ಅಧಿಕಾರಿಗಳು. ಕಡತಗಳ ನಡುವೆ ಬದುಕಿದ ಅಧಿಕಾರಿಯೊಬ್ಬನಿಗೆ ಹಳ್ಳಿಯ ಹಾಡಿನ ಹುಚ್ಚು ಹಿಡಿಯುವುದು ಅಪರೂಪ. ಇವರು ಹಳ್ಳಿಗಳನ್ನು ಸುತ್ತಿ, ಹಾಡುವವರನ್ನು ಹುಡುಕಿ ಕೂರಿಸಿ, ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಹೊರನಾಡಿನ ಯಾತ್ರಿಕರು ನಮ್ಮ ದೇಶವನ್ನು ಕಂಡ ಬಗೆಯನ್ನು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಪರಿಷತ್ತಿನ ಆಶ್ರಯದಲ್ಲಿ ಹದಿನೈದು ಎಕರೆ ನೆಲದಲ್ಲಿ ಜಾನಪದ ಲೋಕ ರೂಪುಗೊಂಡು ೧೯೯೪ರಲ್ಲಿ ಉದ್ಘಾಟನೆಯಾದಾಗ ಅವರ ವಯಸ್ಸು ಎಂಬತ್ತರ ಸಮೀಪ. ಮರುವರ್ಷವೇ ಮುಧೋಳದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ೨೦೦೫ರಲ್ಲಿ, ತೊಂಬತ್ತು ತುಂಬಿದ ಮೇಲೆ, ತೀರಿಕೊಂಡರು. ವಿಶ್ರಾಂತಿಯ ವಯಸ್ಸಿನಲ್ಲಿ ಮನುಷ್ಯನು ಏನನ್ನು ಕಟ್ಟಬಲ್ಲನೆಂಬುದಕ್ಕೆ ಈ ಹದಿನೈದು ಎಕರೆ ಸಾಕ್ಷಿ.

ಹೆಬ್ಬಾಗಿಲನ್ನು ದಾಟಿ ಒಳಗೆ ಬಂದರೆ ಮರಗಳ ನೆರಳಿನಲ್ಲಿ ಅಲ್ಲೊಂದು ಇಲ್ಲೊಂದು ಕಟ್ಟಡ: ಲೋಕಮಾತಾ ಮಂದಿರ, ಚಿತ್ರಕುಟೀರ, ಲೋಕಮಹಲ್, ಆಯಗಾರಮಾಳ, ಶಿಲ್ಪಮಾಳ, ದೊಡ್ಡಮನೆ, ಬಯಲು ರಂಗಮಂದಿರ. ‘ಮಾಳ’ ಎಂಬ ಮಾತನ್ನು ಇಲ್ಲಿ ಮತ್ತೆ ಬಳಕೆಗೆ ತಂದಿರುವುದನ್ನು ಕಂಡೇ ಕನ್ನಡದ ಮೇಷ್ಟರಾದ ನನಗೆ ಅರ್ಧ ಸಂತೋಷವಾಯಿತು.

ಅಡುಗೆಮನೆಯ ಚರಿತ್ರೆ

ಮೊದಲು ಸಿಕ್ಕುವುದು ಮನೆಬಳಕೆಯ ಸಾಮಗ್ರಿಗಳು. ಧಾನ್ಯ ತುಂಬುವ ದೊಡ್ಡ ಮಣ್ಣಿನ ವಾಡೆಗಳಿಂದ ಹಿಡಿದು ಅಂಗೈಯಗಲದ ಕುಡಿಕೆಯವರೆಗೆ ಮಣ್ಣು ಎಷ್ಟೊಂದು ಆಕಾರಗಳನ್ನು ತಾಳಬಹುದೋ ಅಷ್ಟೂ ಆಕಾರಗಳು. ಮೊರ, ಒಂದರಿ, ಒರಳು, ಒನಕೆ, ಕಡಗೋಲು, ಬೀಸುವ ಕಲ್ಲು. ರಾಜರ ಚರಿತ್ರೆಯನ್ನು ಓದಿದವರಿಗೆ ಇವು ಚರಿತ್ರೆಯ ವಸ್ತುಗಳೆಂದು ತೋರಲಿಕ್ಕಿಲ್ಲ. ಆದರೆ ಯೋಚಿಸಿ ನೋಡಿ: ತಕ್ಕೋಲದ ಯುದ್ಧ ನಡೆದದ್ದು ಒಂದು ಸಲ, ರಾಗಿ ಬೀಸುವ ಕೆಲಸ ಸಾವಿರಾರು ವರ್ಷ ಪ್ರತಿದಿನವೂ ನಡೆಯಿತು. ಯಾವುದು ದೊಡ್ಡ ಚರಿತ್ರೆ?

ನನ್ನ ಮಗಳು ಬೀಸುವ ಕಲ್ಲನ್ನು ನೋಡಿ ‘ಇದೇನಜ್ಜಿ?’ ಎಂದು ಕೇಳಿದಳು. ಮಾಗಡಿಯ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದ ನನ್ನ ತಾಯಿ ವಿವರಿಸತೊಡಗಿದರು. ಕೆಳಗಿನ ಕಲ್ಲು ಕದಲುವುದಿಲ್ಲ, ಮೇಲಿನದು ತಿರುಗುತ್ತದೆ. ನಡುವಿನ ಬಾಯಿಗೆ ಹಿಡಿಹಿಡಿಯಾಗಿ ಕಾಳು ಹಾಕಬೇಕು. ಗೂಟ ಹಿಡಿದು ಇಬ್ಬರು ಎದುರುಬದುರಾಗಿ ಕೂತು ಬೀಸಿದರೆ ಕೆಲಸ ಹಗುರ. ಕೋಳಿ ಕೂಗುವ ಮುಂಚೆ ಎದ್ದರೆ ಬೆಳಗಾಗುವ ಹೊತ್ತಿಗೆ ಆ ದಿನದ ಹಿಟ್ಟು ಸಿದ್ಧ. ‘ಹಾಡು ಹೇಳಿಕೊಂಡು ಬೀಸುತ್ತಿದ್ದಿರಂತೆ, ಹೌದೆ?’ ಎಂದು ನಾನು ಕೇಳಿದೆ. ನಮ್ಮ ಪಠ್ಯಪುಸ್ತಕಗಳು ಬೀಸುವ ಹಾಡುಗಳನ್ನು ಎಷ್ಟೊಂದು ಕೊಂಡಾಡುತ್ತವೆ!

‘ಹೇಳುತ್ತಿದ್ದೆವು. ಹಾಡಿದರೆ ಕೈ ನೋಯುವುದು ತಿಳಿಯುತ್ತಿರಲಿಲ್ಲ’ ಎಂದರು ತಾಯಿ. ಸ್ವಲ್ಪ ತಡೆದು, ‘ತಿಳಿಯುತ್ತಿರಲಿಲ್ಲ ಎಂದರೆ ನೋಯುತ್ತಿರಲಿಲ್ಲ ಎಂದಲ್ಲ’ ಎಂದರು.

ಜನಪದ ಗೀತೆಗಳನ್ನು ಕುರಿತು ನಾನು ಓದಿದ ಹಲವು ಪ್ರಬಂಧಗಳಿಗೆ ಈ ಒಂದು ಮಾತು ತಿದ್ದುಪಡಿ ಹಾಕುವಂತಿದೆ. ಹಿಟ್ಟಿನ ಗಿರಣಿ ಬಂದಿತು, ಹಾಡು ಹೋಯಿತು ಎಂದು ನಾವು ಮರುಗುತ್ತೇವೆ. ಮರುಗಬೇಕಾದುದೇ. ಆದರೆ ಗಿರಣಿ ಬಂದ ದಿನ ಆ ಹೆಂಗಸರು ಮರುಗಿದರೆ? ಅವರ ಮಣಿಕಟ್ಟಿಗೆ ಬಿಡುಗಡೆಯಾಯಿತು. ಅವರ ನಿದ್ರೆಗೆ ಎರಡು ಗಂಟೆ ಸೇರಿತು. ಹಾಡು ಬೇಕು, ಆ ದುಡಿತ ಬೇಡ ಎಂಬುದು ನಮ್ಮ ಇಂದಿನ ಆಸೆ. ಎರಡನ್ನೂ ಒಟ್ಟಿಗೆ ಈಡೇರಿಸಬಲ್ಲುದು ಪ್ರಾಯಶಃ ಸಂಗ್ರಹಾಲಯವೊಂದೇ. ಧ್ವನಿಮುದ್ರಣದಲ್ಲಿ ಹಾಡು ಉಳಿಯುತ್ತದೆ, ಕಲ್ಲು ತಿರುಗುವುದಿಲ್ಲ. ಆದರೆ ತಿರುಗದ ಆ ಕಲ್ಲನ್ನು ಮುಂದೆ ಇಟ್ಟುಕೊಳ್ಳದೆ ಹಾಡನ್ನು ಮಾತ್ರ ಕೇಳಿದರೆ ಅದು ಬರಿಯ ಇಂಪು. ಕಲ್ಲನ್ನು ನೋಡುತ್ತ ಕೇಳಿದರೆ ಇಂಪಿನ ಕೆಳಗೆ ಅಡಗಿರುವ ನೋವೂ ಕೇಳಿಸುತ್ತದೆ.

ಕೂರಿಗೆಯಿಂದ ಕೊಳಗದವರೆಗೆ

ಲೋಕಮಹಲ್ ಇಡೀ ಸಂಗ್ರಹದ ಹೃದಯ. ಬೇಸಾಯದ ಉಪಕರಣಗಳು, ಅಳತೆಯ ಪಾತ್ರೆಗಳು, ಆಯುಧಗಳು, ವಾದ್ಯಗಳು, ಗೊಂಬೆಗಳು, ಯಕ್ಷಗಾನದ ವೇಷಭೂಷಣಗಳು, ಕುಣಿತದ ಮುಖವಾಡಗಳು ಇಲ್ಲಿ ಸೇರಿವೆ. ಒಂದೊಂದನ್ನೂ ವಿವರಿಸಹೊರಟರೆ ಈ ಸಂಚಿಕೆಯೇ ಸಾಲದು. ಎರಡು ಮೂರನ್ನು ಮಾತ್ರ ಆಯ್ದುಕೊಳ್ಳುತ್ತೇನೆ.

ಕೂರಿಗೆಯೆಂದರೆ ಬಿತ್ತನೆಯ ಸಾಧನವೆಂದು ನಿಘಂಟು ಹೇಳುತ್ತದೆ. ಅದರ ಜಾಣ್ಮೆ ನಿಘಂಟಿನಲ್ಲಿಲ್ಲ. ಮೇಲೆ ಮರದ ಒಂದು ಬಟ್ಟಲು. ಬಟ್ಟಲಿನ ತಳದಲ್ಲಿ ತೂತುಗಳು. ಒಂದೊಂದು ತೂತಿನಿಂದಲೂ ಒಂದೊಂದು ಬಿದಿರಿನ ಕೊಳವೆ ಕೆಳಗಿಳಿದು ನೆಲವನ್ನು ಸೀಳುವ ತಾಳಿಗೆ ಸೇರುತ್ತದೆ. ಎತ್ತುಗಳು ಎಳೆಯುತ್ತಿರುವಾಗ ರೈತ ರಾಗಿಯನ್ನು ಹಿಡಿಯಿಂದ ಬಟ್ಟಲಿಗೆ ಸುರಿಯುತ್ತ ನಡೆಯುತ್ತಾನೆ. ಕಾಳು ತಾನೇ ಹಂಚಿಕೊಂಡು ಎಲ್ಲ ಸಾಲುಗಳಿಗೂ ಸಮನಾಗಿ ಬೀಳುತ್ತದೆ. ಹಿಂದೆಯೇ ಹಗ್ಗದಿಂದ ಕಟ್ಟಿದ ಇನ್ನೊಂದು ಬಿದಿರು ಬರುತ್ತದೆ, ಅದು ಸಡ್ಡೆ. ಅದರ ಮೂಲಕ ಅವರೆಯೋ ತೊಗರಿಯೋ ಅಕ್ಕಡಿ ಸಾಲಿಗೆ ಬೀಳುತ್ತದೆ. ಹಿಡಿ ಬಿಗಿಯಾದರೆ ಪೈರು ತೆಳುವು, ಸಡಿಲವಾದರೆ ಒತ್ತು. ಒಂದು ವರ್ಷದ ಅನ್ನ ಆ ಹಿಡಿಯ ಹದದಲ್ಲಿತ್ತು. ೧೮೦೦-೦೧ರಲ್ಲಿ ಈ ಸೀಮೆಯಲ್ಲೆಲ್ಲ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ನಮ್ಮ ರೈತರ ಉಪಕರಣಗಳನ್ನು ಗಮನವಿಟ್ಟು ನೋಡಿ, ೧೮೦೭ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಚಿತ್ರಸಹಿತ ವರ್ಣಿಸಿದ್ದಾನೆ. ಪರದೇಶಿಗೆ ಕೌತುಕವೆನಿಸಿದ ಉಪಕರಣವನ್ನು ಗುರುತಿಸಲಾರದ ಕಾಲ ನಮಗೇ ಬಂದಿದೆ.

ಇನ್ನು ಅಳತೆಗಳು. ಪಾವು, ಸೇರು, ಬಳ್ಳ, ಕೊಳಗ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ನಾಲ್ಕು ಪಾವಿಗೆ ಒಂದು ಸೇರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಆತಕೂರಿನ ಕಲ್ಲಿನಲ್ಲಿ ಕಂಡ ‘ಕಂಡುಗ’ ಇದೇ. ಭೂಮಿಯನ್ನು ಧಾನ್ಯದಿಂದ ಅಳೆಯುವುದು ಹೇಗೆ ಎಂದು ನನ್ನ ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳುವುದುಂಟು. ಇಷ್ಟು ಬೀಜ ಹಿಡಿಯುವ ನೆಲ ಎಂದರೆ ಇಷ್ಟು ನೆಲ ಎಂಬ ಲೆಕ್ಕ ಅದು. ನೆಲವನ್ನು ಅಡಿಯಿಂದಲ್ಲ, ಅದು ಕೊಡುವ ಅನ್ನದಿಂದ ಅಳೆದ ಜನರು ಅವರು. ೧೯೫೬ರಲ್ಲಿ ತೂಕ ಅಳತೆಗಳ ಹೊಸ ಕಾಯಿದೆಯಾಗಿ, ೧೯೫೮ರಿಂದ ಹಂತಹಂತವಾಗಿ ಕಿಲೋಗ್ರಾಮು ಲೀಟರುಗಳು ಬಂದವು. ಸಂತೆಯಲ್ಲಿ ಊರಿಗೊಂದು ಸೇರು ಇದ್ದ ಗೊಂದಲ ತಪ್ಪಿತು. ಕೊಳ್ಳುವವರಿಗೆ ನ್ಯಾಯ ಸಿಕ್ಕಿತು. ಹೊಸದು ಒಳ್ಳೆಯದೇ. ಆದರೆ ಸಾವಿರ ವರ್ಷ ಒಂದೇ ಅರ್ಥದಲ್ಲಿ ಬಾಳಿದ ಮಾತು ಎರಡು ತಲೆಮಾರುಗಳಲ್ಲಿ ಅಡಿಟಿಪ್ಪಣಿಯಾಗಿಬಿಟ್ಟಿತು.

ತೊಗಲುಗೊಂಬೆಗಳ ಮುಂದೆ ಮಗಳು ಬಹಳ ಹೊತ್ತು ನಿಂತಳು. ಹದಮಾಡಿದ ತೊಗಲಿಗೆ ಬಣ್ಣ ಹಾಕಿ, ಬಿಳಿಯ ಪರದೆಯ ಹಿಂದೆ ದೀಪ ಹಚ್ಚಿ ಕುಣಿಸುವ ಈ ಗೊಂಬೆಗಳಲ್ಲಿ ಒಂದು ಕಟ್ಟಳೆಯುಂಟು. ಪಾತ್ರದ ಅಂತಸ್ತಿಗೆ ತಕ್ಕಂತೆ ಗೊಂಬೆಯ ಗಾತ್ರ. ದೇವರು, ರಾಜರು ದೊಡ್ಡವರು. ಸೇವಕರು, ಸಾಮಾನ್ಯರು ಚಿಕ್ಕವರು. ‘ಹಾಗಾದರೆ ನಾವು ಎಷ್ಟು ದೊಡ್ಡವರು?’ ಎಂದು ಮಗಳು ಕೇಳಿದಳು. ನಾವು ನಿಂತಿದ್ದ ಈ ಸಂಗ್ರಹಾಲಯದಲ್ಲಿ ಚಿಕ್ಕ ಗೊಂಬೆಗಳಿಗೇ ದೊಡ್ಡ ಮನೆ ಕಟ್ಟಿದ್ದಾರೆ ಎಂದು ಅವಳಿಗೆ ಹೇಳಿದೆ. ಅರ್ಥವಾಯಿತೋ ಇಲ್ಲವೋ, ತಲೆದೂಗಿದಳು. ಮುಂದೆ ಸೋಮನ ಕುಣಿತದ ಕೆಂಪು ಮುಖವಾಡವನ್ನು ಕಂಡು ಅಜ್ಜಿಯ ಸೆರಗನ್ನು ಹಿಡಿದುಕೊಂಡಳು. ಊರದೇವತೆಯ ಮುಂದೆ ಕಾವಲುಗಾರನಾಗಿ ಕುಣಿಯುವ ಸೋಮನು ಗೋಡೆಯ ಮೇಲೂ ತನ್ನ ಕೆಲಸವನ್ನು ಮರೆತಿರಲಿಲ್ಲ.

ಆಯಗಾರರ ಮಾಳ

ಊರಿಗೆ ಬೇಕಾದ ಕಸುಬನ್ನು ನಡೆಸಿ, ಸುಗ್ಗಿಯಲ್ಲಿ ಕಣದಿಂದ ಪಾಲು ಪಡೆಯುತ್ತಿದ್ದವರು ಆಯಗಾರರು. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ, ತಳವಾರ, ತೋಟಿ, ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿ, ಹೀಗೆ ಹನ್ನೆರಡು ಮಂದಿಯೆಂದು ಲೆಕ್ಕ. ಆಯಗಾರಮಾಳದಲ್ಲಿ ಇಂತಹ ಕಸುಬುಗಳ ಉಪಕರಣಗಳಿವೆ: ಕುಂಬಾರನ ತಿಗರಿ, ಕಮ್ಮಾರನ ತಿದಿ, ಎಣ್ಣೆಯ ಗಾಣ. ಕೈಯ ಬೆವರಿನಿಂದ ಮಿರುಗುವಷ್ಟು ನಯವಾದ ಮರದ ಹಿಡಿಗಳು. ಆ ನಯವನ್ನು ಯಾವ ಬಡಗಿಯ ತೋಪಡವೂ ತರಲಾರದು; ವರ್ಷಗಟ್ಟಲೆ ಹಿಡಿದ ಅಂಗೈಗಳು ಮಾತ್ರ ತರಬಲ್ಲವು.

ಈ ವ್ಯವಸ್ಥೆಯನ್ನು ಪರಸ್ಪರ ಸಹಕಾರದ ಸ್ವರ್ಗವೆಂದು ವರ್ಣಿಸುವವರುಂಟು. ಊರೆಂಬುದು ಒಂದು ಸಂಸಾರ, ಎಲ್ಲರಿಗೂ ಕಣದಲ್ಲಿ ಪಾಲು ಎಂದು ಕೇಳುವಾಗ ಇಂಪಾಗಿರುತ್ತದೆ. ಆದರೆ ಪಾಲು ಎಲ್ಲರಿಗೂ ಸಮನಾಗಿರಲಿಲ್ಲ. ಗೌಡನ ಕಂತೆಯೇ ಬೇರೆ, ತೋಟಿಯ ಹಿಡಿಯೇ ಬೇರೆ. ಕಸುಬನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ. ತಂದೆಯದು ಮಗನಿಗೆ ಬರುತ್ತಿತ್ತು. ಆನುವಂಶಿಕವಾದ ಗ್ರಾಮಾಧಿಕಾರಗಳನ್ನು ರದ್ದುಮಾಡಲು ನಮ್ಮ ರಾಜ್ಯ ೧೯೬೧ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಸಂಗ್ರಹಾಲಯ ತಿಗರಿಯನ್ನು ತೋರಿಸಬಲ್ಲುದು. ತಿಗರಿ ತಿರುಗಿಸಿದವನ ಮಗನಿಗೆ ಓದಬೇಕೆಂಬ ಆಸೆಯಿತ್ತೇ ಎಂಬುದನ್ನು ತೋರಿಸಲಾರದು. ಆ ಭಾಗವನ್ನು ನೋಡುವವನೇ ತುಂಬಿಕೊಳ್ಳಬೇಕು. ಉಪಕರಣದ ಮುಂದೆ ನಿಂತು ‘ಎಷ್ಟು ಚೆಂದ’ ಎನ್ನುವುದರ ಜೊತೆಗೆ ‘ಎಷ್ಟು ಕಷ್ಟ’ ಎಂದೂ ಅಂದುಕೊಂಡರೆ ನೋಡಿದ್ದು ಪೂರ್ಣವಾಗುತ್ತದೆ.

ಶಿಲ್ಪಮಾಳದಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳು ಬಯಲಿನಲ್ಲಿ ನಿಂತಿವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಹೋರಾಟ, ನಡುವೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಮಾಸ್ತಿಗಲ್ಲಿನ ಗುರುತು ಎತ್ತಿದ ತೋಳು, ತೋಳಿನಲ್ಲಿ ಒಡೆಯದ ಬಳೆ. ರಾಜಧಾನಿಯ ಸಂಗ್ರಹಾಲಯಕ್ಕೆ ಹೋದ ಕಲ್ಲುಗಳಿಗೆ ತಾರೀಖು ಉಂಟು, ವಂಶಾವಳಿ ಉಂಟು. ಮಾತಿಲ್ಲದ ಕಲ್ಲುಗಳು ನಮ್ಮ ಹಳ್ಳಿಗಳ ಹೊಲದ ಬದುಗಳಲ್ಲಿ, ಬಾವಿಯ ಕಟ್ಟೆಗಳಲ್ಲಿ, ಬಟ್ಟೆ ಒಗೆಯುವ ಜಾಗಗಳಲ್ಲಿ ಬಿದ್ದಿರುತ್ತವೆ. ಯಾರದೋ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನು ಅಲ್ಲಿರುತ್ತಾನೆ. ಬೆಂಗಳೂರಿನ ಬಡಾವಣೆಗಳಲ್ಲಿ ಉಳಿದಿರುವ ಇಂತಹ ಶಾಸನ, ವೀರಗಲ್ಲುಗಳನ್ನು ಹುಡುಕಿ, ಗಣಕಯಂತ್ರದ ನೆರವಿನಿಂದ ಮೂರು ಆಯಾಮಗಳ ಪ್ರತಿಗಳನ್ನು ಮಾಡಿಡುವ ಕಾರ್ಯವನ್ನು ಮಿಥಿಕ್ ಸೊಸೈಟಿ ಕೈಗೊಂಡಿರುವುದು ಅಭಿನಂದನೀಯ.

ಸಾಯುತ್ತಿರುವ ಮಾತುಗಳು

ಕಾಲೇಜಿನಲ್ಲಿ ಕನ್ನಡವನ್ನು ಕಲಿಸುವವನಿಗೆ ಈ ಸ್ಥಳ ಹೆಚ್ಚಾಗಿ ತಟ್ಟುವುದಕ್ಕೆ ಕಾರಣವಿದೆ. ಪಾಠದಲ್ಲಿ ‘ತಿದಿ’ ಎಂದು ಬಂದರೆ ನಾವು ‘ಗಾಳಿ ಊದುವ ಚರ್ಮದ ಚೀಲ’ ಎಂದು ಅರ್ಥ ಬರೆಸುತ್ತೇವೆ. ‘ಒನಕೆ’ಗೆ ‘ಕುಟ್ಟುವ ಸಾಧನ’, ‘ಕೊಳಗ’ಕ್ಕೆ ‘ಒಂದು ಅಳತೆ’. ವಿದ್ಯಾರ್ಥಿ ಬರೆದುಕೊಳ್ಳುತ್ತಾನೆ, ಪರೀಕ್ಷೆಯಲ್ಲಿ ಬರೆಯುತ್ತಾನೆ, ಅಂಕವನ್ನೂ ಪಡೆಯುತ್ತಾನೆ. ಆದರೆ ಆ ಮಾತು ಅವನ ಮನಸ್ಸಿನಲ್ಲಿ ಯಾವ ಚಿತ್ರವನ್ನೂ ಮೂಡಿಸುವುದಿಲ್ಲ. ವಸ್ತು ಹೋದ ಮೇಲೆ ಮಾತು ಕೆಲವು ಕಾಲ ಗಾದೆಗಳಲ್ಲಿ, ಬೈಗುಳಗಳಲ್ಲಿ, ಒಗಟುಗಳಲ್ಲಿ ಉಸಿರಾಡುತ್ತದೆ. ಆಮೇಲೆ ಅಲ್ಲಿಂದಲೂ ಹೋಗುತ್ತದೆ. ಭಾಷೆ ಬಡವಾಗುವುದು ಪರಭಾಷೆಯ ಪದಗಳು ಬಂದು ಸೇರುವುದರಿಂದ ಮಾತ್ರವೆಂದು ನಾವು ದೂರುತ್ತೇವೆ. ಒಳಗಿನ ಪದಗಳು ಸದ್ದಿಲ್ಲದೆ ಹೊರಗೆ ನಡೆದುಹೋಗುವುದನ್ನು ಗಮನಿಸುವುದಿಲ್ಲ.

ಜಾನಪದ ಲೋಕವನ್ನು ಒಂದು ನಿಘಂಟೆಂದು ಕರೆಯಲು ನನಗೆ ಮನಸ್ಸಾಗುತ್ತದೆ. ಇಲ್ಲಿನ ಪದಗಳನ್ನು ಕಣ್ಣಿನಿಂದ ನೋಡಬಹುದು. ವರ್ಷಕ್ಕೊಮ್ಮೆ ನಡೆಯುವ ಲೋಕೋತ್ಸವದಲ್ಲಿ ಕಲಾವಿದರು ಬಂದು ಹಾಡಿ ಕುಣಿಯುವುದರಿಂದ ಇದು ಸತ್ತವರ ಮನೆಯೂ ಅಲ್ಲ. ಆದರೆ ಒಂದು ರಾಜ್ಯಕ್ಕೆ ಇಂತಹ ಸ್ಥಳಗಳು ಬೆರಳೆಣಿಕೆಯಷ್ಟಿದ್ದರೆ ಸಾಲದು. ಗಡಿಯ ಕಾಸರಗೋಡಿನ ಅಡಕೆ ತೋಟದ ಮಾತು ಬೇರೆ, ಮಲೆನಾಡಿನ ಮನೆಯ ಮಾತು ಬೇರೆ, ಕಲಬುರಗಿಯ ಎರೆಹೊಲದ ಮಾತು ಬೇರೆ. ಒಂದೇ ಉಪಕರಣಕ್ಕೆ ಹತ್ತು ಊರಿನಲ್ಲಿ ಹತ್ತು ಹೆಸರು. ಅವನ್ನೆಲ್ಲ ರಾಮನಗರವೊಂದೇ ಹೊರಲಾರದು.

ಹಾಗಾದರೆ ನಾಯಂಡಹಳ್ಳಿಯಂತಹ ಊರುಗಳು ಏನು ಮಾಡಬಹುದು? ಹದಿನೈದು ಎಕರೆ ಇಲ್ಲಿ ಸಿಕ್ಕುವುದಿಲ್ಲ, ಹದಿನೈದು ಅಡಿಯೂ ಸುಲಭವಲ್ಲ. ಆದರೆ ಒಂದು ಶಾಲೆಯ ಪಡಸಾಲೆಯಲ್ಲಿ, ಒಂದು ವಾಚನಾಲಯದ ಮೂಲೆಯಲ್ಲಿ ಒಂದು ಬೀರು ಸಾಕು. ಬಡಾವಣೆಯ ಹಳೆಯ ಮನೆಗಳಲ್ಲಿ ಇನ್ನೂ ಉಳಿದಿರುವ ಪಾವು, ಈಳಿಗೆಮಣೆ, ಚೆನ್ನೆಮಣೆ, ಲಾಟೀನು, ಊರಿನ ಕೆರೆಯ ಹಳೆಯ ಭಾವಚಿತ್ರ ಇವನ್ನು ಅಲ್ಲಿಟ್ಟು, ಒಂದೊಂದರ ಪಕ್ಕದಲ್ಲಿ ಹೆಸರು, ಬಳಕೆ, ಕೊಟ್ಟ ಮನೆ, ಬಳಸುತ್ತಿದ್ದವರು ಹೇಳಿದ ಒಂದು ಮಾತು ಇಷ್ಟನ್ನು ಬರೆದಿಟ್ಟರೆ ಆಯಿತು. ವಸ್ತುವಿಗಿಂತ ಆ ಕೊನೆಯ ಮಾತು ಮುಖ್ಯ. ವಸ್ತುವನ್ನು ಗುಜರಿಯಿಂದಲೂ ಕೊಳ್ಳಬಹುದು. ಅದನ್ನು ಬಳಸಿದ ಕೈಯ ನೆನಪನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಆ ನೆನಪಿರುವವರು ಈಗ ಎಪ್ಪತ್ತು ಎಂಬತ್ತರ ವಯಸ್ಸಿನವರು. ಅವರಿಗೂ ಅವಸರವಿಲ್ಲ, ನಮಗೂ ಅವಸರವಿಲ್ಲ. ಅವಸರವಿರುವುದು ಕಾಲಕ್ಕೆ ಮಾತ್ರ.

ಜಾನಪದ ಲೋಕವನ್ನು ನೋಡಲು ಅರ್ಧ ದಿನವಾದರೂ ಬೇಕು. ಮಕ್ಕಳನ್ನು ಕರೆದುಕೊಂಡು ಹೋಗುವವರು ಮನೆಯ ಹಿರಿಯರನ್ನೂ ತಪ್ಪದೆ ಜೊತೆಗೆ ಕರೆದೊಯ್ಯುವುದು ಮೇಲು. ಫಲಕಗಳಲ್ಲಿ ಬರೆದಿರುವುದಕ್ಕಿಂತ ಹೆಚ್ಚನ್ನು ಅವರು ಹೇಳಬಲ್ಲರು. ಮೊಮ್ಮಕ್ಕಳು ಕೇಳುತ್ತಾರೆಂದರೆ ಮನೆಯಲ್ಲಿ ಎಂದೂ ಹೇಳದಿದ್ದುದನ್ನೂ ಅಲ್ಲಿ ಹೇಳುತ್ತಾರೆ. ಹಿಂದಿರುಗಿದ ಮೇಲೆ ಅಟ್ಟದ ಮೇಲಿರುವ ಹಳೆಯ ಪಾತ್ರೆಗಳ ಮೂಟೆಯನ್ನು ಒಮ್ಮೆ ಕೆಳಗಿಳಿಸಿ ನೋಡಿ. ಎಲ್ಲವನ್ನೂ ಇಟ್ಟುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ನಗರದ ಮನೆಗಳಲ್ಲಿ ಮನುಷ್ಯರಿಗೇ ಸ್ಥಳ ಸಾಲದು. ಆದರೆ ಕೊಡುವ ಮುಂಚೆ ಒಂದೊಂದರ ಹೆಸರನ್ನೂ ಕೇಳಿ ತಿಳಿದು, ಒಂದು ಪುಸ್ತಕದಲ್ಲಿ ಬರೆದಿಡಿ. ಹೆಸರಿಗೆ ಹೆಚ್ಚು ಜಾಗ ಬೇಕಾಗುವುದಿಲ್ಲ.